ಬೆಲ್ಟಿಗೆ ಕೈಮುಗಿದವನು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಮೇಲಿನವರ ಮುಂದೆ ನಾನು ಬೆಣ್ಣೆ. ಏನು ಕೇಳಿದರೂ ಮೊದಲು 'ಆತ್ರಿ ಸರ್' ಅನ್ನುವುದು, ಆಮೇಲೆ ಆಗುತ್ತದೋ ಇಲ್ಲವೋ ನೋಡುವುದು. ನನ್ನ ಓರಗೆಯವರೆಲ್ಲ ಹೀಗೇ ನೌಕರಿ ಮಾಡಿದವರು. ಇಲ್ಲ ಅಂದರೆ ದೊಡ್ಡವರಿಗೆ ಅವಮಾನ ಎಂದು ತಿಳಿದಿದ್ದೆವು.

ಹಿರೇಹಡಗಲಿ ಕಡೆಯ ಗಾಳಿಯಂತ್ರಗಳಿಗೆ ನಾನು ಸೂಪರ್‌ವೈಸರ್. ನಮ್ಮ ಮಂದಿ ಅವಕ್ಕೆ ಫ್ಯಾನು ಅನ್ನುತ್ತಾರೆ. ಹುಡುಗರು ಮೇಲೆ ಹತ್ತುವ ಮುಂಚೆ, ಕಾಲು ಜಾರಿದರೆ ಬೀಳದಂತೆ ಹಿಡಿಯುವ ಅವರ ಸೊಂಟದ ಬೆಲ್ಟುಗಳನ್ನು ಪರೀಕ್ಷಿಸಿ ರಿಜಿಸ್ಟರಿನಲ್ಲಿ ಸಹಿ ಹಾಕುವುದು ನನ್ನ ಕೆಲಸ. ನಾನು ಮಾಡುತ್ತಿದ್ದದ್ದು ಇಷ್ಟೇ: ಬೆಲ್ಟಿಗೆ ವಿಭೂತಿ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ಸಹಿ ಗೀಚುತ್ತಿದ್ದೆ.

ಕೊಟ್ಟೂರಿನ ಹುಡುಗಿಯೊಬ್ಬಳು ಬಂದು ಸೇರಿದ್ದಳು. ಕುರಿ ಸಾಕುವವರ ಮನೆಯವಳು, ಐಟಿಐ ಓದಿದ್ದಳು. ಅವಳ ತರಬೇತಿ ಮುಗಿಯುತ್ತ ಬಂದಿತ್ತು. ನೌಕರಿ ಖಾಯಂ ಆಗುವುದು ಬಾಕಿ. ಅದೇ ವಾರ ಜರ್ಮನಿಯ ಎಂಜಿನಿಯರ್ ಬಂದ. ನಾಳೆ ಒಂದೇ ದಿನದಲ್ಲಿ ಎರಡು ಯಂತ್ರದ ರಿಪೇರಿ ಮುಗಿಯುತ್ತದೆಯೇ ಎಂದು ಕೇಳಿದ. 'ಯೆಸ್ ಸರ್' ಅಂದೆ, ಯಥಾಪ್ರಕಾರ.

ಮರುದಿನ ನಾನು ಸಹಿ ಹಾಕಿದ ಮೇಲೆ ಹುಡುಗಿ ತನ್ನ ಬೆಲ್ಟನ್ನು ತಿರುವಿ, ಜಗ್ಗಿ ನೋಡಿದಳು.

"ನಾ ಹತ್ತಂಗಿಲ್ರಿ ಕಾಕಾ. ಹೊಲಿಗಿ ಬಿಚ್ಚೈತಿ."

"ಮೈಲಾರಲಿಂಗನ್ನ ನೆನೆಸಿ ಹತ್ತವ್ವಾ, ಏನೂ ಆಗಂಗಿಲ್ಲ. ಸಾಹೇಬ್ರ ಮುಂದ ನನ್ನ ಮಾನ ಕಳೀಬ್ಯಾಡ."

"ನಮ್ಮಪ್ಪನೂ ಮೈಲಾರಕ್ಕ ನಡಕೊಂತಾನ್ರಿ. ಆದ್ರ ಕುರಿ ಹೊಡಕೊಂಡು ಹೋಗೋ ಮುಂದ ಒಂದೊಂದರ ಕಾಲೂ ಎತ್ತಿ ನೋಡ್ತಾನ."

ನನಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಬಂದ ಕೂಸು ನನಗೆ ಬುದ್ಧಿ ಹೇಳುವುದೇ? ಅಷ್ಟರಲ್ಲಿ ಎಂಜಿನಿಯರ್ ಬಂದ. 'ಈ ಹುಡುಗಿ ಹೇಳಿದ ಮಾತು ಕೇಳುವುದಿಲ್ಲ' ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ದೂರು ಕೊಟ್ಟೆ. ಅವನು ಬೆಲ್ಟು ನೋಡಿದ, ರಿಜಿಸ್ಟರಿನ ಸಹಿ ನೋಡಿದ, ನನ್ನ ಮುಖ ನೋಡಿದ. "ನೀವು ಸಹಿ ಹಾಕುವಾಗ ಹೊಲಿಗೆ ಸರಿಯಾಗಿತ್ತೇ?" ಎಂದು ಕೇಳಿದ.

ದನಿ ಏರಲಿಲ್ಲ. ನಮ್ಮ ಸಾಹೇಬರಾಗಿದ್ದರೆ ಬೈಯುತ್ತಿದ್ದರು, ನಾನು ಬೈಸಿಕೊಳ್ಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಇವನ ದೇಶದ ಕಡೆ ಯೆಸ್ ಅಂದರೆ ಯೆಸ್ಸೇ. ನಾನು ಏನು ಹೇಳಿದರೂ ನಂಬಲು ತಯಾರಾಗಿ ನಿಂತಿದ್ದ. ಈಗಲೂ ಯೆಸ್ ಅಂದರೆ, ಕೆಲಸ ತಪ್ಪಿಸಿಕೊಳ್ಳಲು ಹುಡುಗಿಯೇ ಹೊಲಿಗೆ ಬಿಚ್ಚಿದಳು ಎಂದಾಗುತ್ತಿತ್ತು. ಅವಳ ನೌಕರಿ ಹೋಗುತ್ತಿತ್ತು. ಇಷ್ಟಾದರೂ ಅವಳು ನನ್ನ ಮೇಲೆ ದೂರು ಹೇಳಲಿಲ್ಲ. ಅದಕ್ಕೇ ನನಗೆ ನಾಚಿಕೆಯಾಯಿತು.

"ಇಲ್ರಿ ಸರ್," ಅಂದೆ ಕನ್ನಡದಲ್ಲೇ. "ಕೈಮುಗಿದಿದ್ದೆ. ನೋಡಿದ್ದಿಲ್ಲ."

ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ತಿಳಿಸಿದವಳು ಅವಳೇ. ಹೇಳುವಾಗ ತಲೆ ತಗ್ಗಿಸಿದ್ದಳು.

ಅವಳ ನೌಕರಿ ಖಾಯಂ ಆಯಿತು. ನನಗೆ ಕಾರಣ ಕೇಳಿ ನೋಟೀಸ್ ಬಂತು, ಇಂಗ್ಲಿಷಿನಲ್ಲಿ. ಉತ್ತರ ಬರೆದುಕೊಡು ಎಂದು ಅವಳ ಹತ್ತಿರವೇ ಹೋದೆ. ಪೆನ್ನು ತೆಗೆದಳು.

"ಅವತ್ತು ಕೆಲಸ ಭಾಳ ಇತ್ತು ಅಂತ ಬರೀಲೇನ್ರಿ ಕಾಕಾ?"

"ಬ್ಯಾಡವ್ವಾ," ಅಂದೆ. "ನೋಡಿದ್ದಿಲ್ಲ ಅಂತನ ಬರಿ."