ಟೂವಾಂಗಿನಲ್ಲಿ ಎತ್ತಿದ ಫೋನು

ಪರ್ತ್‌ನಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆ ಫ್ರೀಮ್ಯಾಂಟಲ್ ರೈಲು ಹಳಿಯ ಪಕ್ಕದಲ್ಲಿತ್ತು. ನನ್ನ ಗಂಡನಿಗೆ ಗಣಿ ಕಂಪನಿಯೊಂದರಲ್ಲಿ ಇಂಜಿನಿಯರ್ ಕೆಲಸ. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಅವರು ಏರ್‌ಪೋರ್ಟಿಗೆ ಹೊರಟ ಮೇಲೆ ನನಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಅಡುಗೆ ಮಾಡುತ್ತಾ ರೇಡಿಯೋ ಹಾಕಿಕೊಳ್ಳುತ್ತಿದ್ದೆ. ಸುದ್ದಿ ಓದುವವರ ಹಿಂದೆಯೇ ನಾನೂ ಹೇಳುತ್ತಿದ್ದೆ, ಅವರ ಉಚ್ಚಾರಣೆಯನ್ನು ಹಿಡಿಯಲು.

ಪತ್ರಿಕೋದ್ಯಮ ಓದುವ ಆಸೆ ಮೈಸೂರಿನಲ್ಲಿ ಬಿ.ಕಾಂ. ಮಾಡುವಾಗಲೇ ಇತ್ತು. ಹೊತ್ತುಗೊತ್ತಿಲ್ಲದ ಕೆಲಸ, ಹೆಣ್ಣುಮಕ್ಕಳಿಗೆ ಆಗಿಬರುವುದಿಲ್ಲ ಎಂದು ಅಪ್ಪ ತಳ್ಳಿಹಾಕಿದ್ದರು. ಪರ್ತ್‌ಗೆ ಬಂದ ಎರಡನೇ ವರ್ಷ ನನ್ನ ಗಂಡನೇ ಹೇಳಿದರು: "ಈಗ ಓದು. ಇಲ್ಲಿ ಬೇಡ ಅನ್ನೋರು ಯಾರಿದಾರೆ?" ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣಕ್ಕೆ ಸೇರಿಕೊಂಡೆ. ಪಾಠಗಳೆಲ್ಲ ಲ್ಯಾಪ್‌ಟಾಪಿನಲ್ಲಿ. ಟ್ಯೂಟರ್ ಒಬ್ಬರು ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಿದ್ದರು. ಮೊದಲು ಪತ್ರಿಕೆಯೊಂದರಲ್ಲಿ ಕೆಲಸ ಮಾಡಿದ್ದ ಹೆಂಗಸು. ಅವರ ಮುಖವನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ಮೊದಲ ಅಸೈನ್‌ಮೆಂಟು, ಅಪರಿಚಿತರೊಬ್ಬರನ್ನು ಮಾತಾಡಿಸಿ ಬರೆಯುವುದು. ಫ್ರೀಮ್ಯಾಂಟಲ್ ಮಾರ್ಕೆಟ್ಟಿನಲ್ಲಿ ಇಡೀ ಬೆಳಿಗ್ಗೆ ಅಡ್ಡಾಡಿದೆ, ಯಾರನ್ನೂ ಮಾತಾಡಿಸಲು ಧೈರ್ಯ ಬರಲಿಲ್ಲ. ಕೊನೆಗೆ ಬಂದರಿನ ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದ ಮುದುಕರೊಬ್ಬರು ತಾವಾಗಿಯೇ "ಯಾವ ಊರು?" ಎಂದು ಕೇಳಿದರು. ಮೀನು, ಹಡಗು, ಗಾಳಿ ಎಂದು ಬಹಳ ಹೊತ್ತು ಮಾತಾಡಿದರು. ಬರೆದು ಕಳಿಸಿದೆ. ಟ್ಯೂಟರ್ ಫೋನಿನಲ್ಲಿ ಕೇಳಿದರು: "ಈ ಮನುಷ್ಯ ಮತ್ತೆಮತ್ತೆ ತಮ್ಮನ ಹೆಸರು ತೆಗೀತಾರಲ್ಲ, ತಮ್ಮನಿಗೇನಾಯ್ತು ಅಂತ ಯಾಕೆ ಕೇಳಲಿಲ್ಲ?" ಕೇಳಿದರೆ ಅವರಿಗೆ ನೋವಾಗಬಹುದು ಅನ್ನಿಸಿತು ಎಂದೆ. "ನೋವಾಗುತ್ತೋ ಇಲ್ಲವೋ ಅದನ್ನು ಅವರು ತೀರ್ಮಾನ ಮಾಡಲಿ. ನೀನು ಮೆಲ್ಲಗೆ ಕೇಳು, ಆಮೇಲೆ ಸುಮ್ಮನಿರು," ಎಂದರು.

ಗಣಿಯ ಕೆಲಸ ಇಳಿಮುಖವಾದಾಗ ನನ್ನ ಗಂಡನಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಟೂವಾಂಗ್ ಬಡಾವಣೆಗೆ ಬಂದೆವು. ಬೇರೆಯವರ ಹೆಂಡತಿಯರು ಊರು ಬದಲಾದಾಗ ಕೆಲಸವನ್ನೋ ಕಾಲೇಜನ್ನೋ ಬಿಟ್ಟು ಬರಬೇಕಾಗುತ್ತಿತ್ತು. ನನ್ನ ಕಾಲೇಜು ನನ್ನ ಸೂಟ್‌ಕೇಸಿನಲ್ಲೇ ಬಂತು. ಆದರೆ ಕೊನೆಯ ವರ್ಷ ಯಾವುದಾದರೂ ಪತ್ರಿಕೆಯಲ್ಲಿ ಕೆಲವು ವಾರ ಕೆಲಸ ಮಾಡಲೇಬೇಕು ಎಂಬ ನಿಯಮವಿತ್ತು. ತುಂಬಾ ಕಡೆ ಕೇಳಿದ ಮೇಲೆ, ಮನೆಮನೆಗೆ ಪುಕ್ಕಟೆ ಹಾಕುವ ಒಂದು ಸಣ್ಣ ವಾರಪತ್ರಿಕೆ ನನ್ನನ್ನು ಕರೆಯಿತು. ಕೇಕ್ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಸಂಪಾದಕರು ಐವತ್ತು ದಾಟಿದ, ಸದಾ ಕನ್ನಡಕ ಹುಡುಕುವ ಮನುಷ್ಯ. ಒಂದು ಕಾಲಕ್ಕೆ ತುಂಬಿದ್ದ ಆಫೀಸಿನಲ್ಲಿ ಆಗ ಉಳಿದಿದ್ದವರು ಅವರೂ ಒಬ್ಬ ಫೋಟೋಗ್ರಾಫರೂ ಜಾಹೀರಾತಿನ ಹುಡುಗಿಯೂ. ನಾನು ಲೈಬ್ರರಿಯ ಹೊಸ ಸಮಯದ ಬಗ್ಗೆ ಬರೆದೆ, ಕೌನ್ಸಿಲ್‌ನವರು ಕಡಿಯಲು ಹೊರಟಿದ್ದ ಅಂಜೂರದ ಮರದ ಬಗ್ಗೆ ಬರೆದೆ. ಹೆಸರಿನ ಸಮೇತ ಅಚ್ಚಾದದ್ದನ್ನು ಅಪ್ಪನಿಗೆ ಪೋಸ್ಟ್ ಮಾಡಿದೆ.

ಒಂದು ಸೋಮವಾರ ನಾನು ಒಳಗೆ ಕಾಲಿಡುತ್ತಿದ್ದಂತೆ ಸಂಪಾದಕರು ಎದ್ದುಬಂದರು. ಹಿಂದಿನ ದಿನ ಸಮುದ್ರದಲ್ಲಿ ಭಾರತದ ವಿದ್ಯಾರ್ಥಿಯೊಬ್ಬ ಮುಳುಗಿ ಸತ್ತಿದ್ದ. ಗೆಳೆಯರೊಂದಿಗೆ ಟೂವಾಂಗಿನಲ್ಲಿ ಮನೆ ಮಾಡಿಕೊಂಡಿದ್ದನಂತೆ. ಕರ್ನಾಟಕದವನಂತೆ.

"ನಿನ್ನ ಭಾಷೆ ತಾನೇ?" ಎಂದರು.

"ಹೌದು."

"ಹೋಗಿ ಬಾ. ಬಾಗಿಲು ತಟ್ಟು, ಯಾರು ಅಂತ ಹೇಳು, ಹೋಗು ಅಂದರೆ ಬಂದುಬಿಡು. ಸತ್ತವರ ಮನೆ ಬಾಗಿಲು ತಟ್ಟುವುದು ಈ ಕೆಲಸದಲ್ಲಿ ಎಲ್ಲರಿಗಿಂತ ಹೊಸಬರ ಪಾಲಿಗೇ ಬರುತ್ತೆ. ಕ್ಷಮಿಸು."

ಮನೆ ಸ್ಟೇಷನ್ನಿನ ಹಿಂದಿನ ಏರಿನಲ್ಲಿತ್ತು, ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ. ಬಾಗಿಲು ತೆಗೆದ ಹುಡುಗನ ಕಣ್ಣು ಊದಿಕೊಂಡಿತ್ತು. ನಾನು ಕನ್ನಡದಲ್ಲಿ ಮಾತಾಡಿದ ತಕ್ಷಣ ಅವನು ಅಳಲು ಶುರುಮಾಡಿದ. ಪೇಪರಿನಿಂದ ಬಂದಿದ್ದೇನೆ ಎಂದು ನಾನು ಹೇಳಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ, "ಬನ್ನಿ ಅಕ್ಕಾ, ಒಳಗ್ ಬನ್ನಿ" ಎಂದು ಕರೆದುಕೊಂಡು ಹೋದ. ಒಳಗೆ ಇನ್ನೂ ಇಬ್ಬರಿದ್ದರು. ಎಲ್ಲರೂ ಮಾಸ್ಟರ್ಸ್ ಮಾಡುತ್ತಾ ಪಾರ್ಟ್‌ಟೈಮ್ ಕೆಲಸ ಮಾಡುವವರು.

ತೀರಿಕೊಂಡವನು ಗದಗಿನ ಕಡೆಯ ಹುಡುಗ. ಶನಿವಾರವೆಲ್ಲ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಿಂತು, ಭಾನುವಾರ ಒಂದು ದಿನ ರಜ ಸಿಕ್ಕಿತೆಂದು ಎಲ್ಲರನ್ನೂ ಬೀಚಿಗೆ ಎಬ್ಬಿಸಿಕೊಂಡು ಹೋಗಿದ್ದವನು ಅವನೇ. ಸೊಂಟದವರೆಗಿನ ನೀರಿನಲ್ಲಿ ನಿಂತು ನಗುತ್ತಿದ್ದವನನ್ನು ಅಲೆ ಒಳಗೆಳೆದಿತ್ತು.

ಸೋಫಾದ ಮೇಲಿದ್ದ ಒಂದು ಫೋನು ಅದುರಿತು. ಮೂವರೂ ಅದನ್ನೇ ನೋಡಿದರು. ಯಾರೂ ಮುಟ್ಟಲಿಲ್ಲ.

"ಅವ್ನ ಅಮ್ಮ," ಬಾಗಿಲು ತೆಗೆದ ಹುಡುಗ ಹೇಳಿದ. "ಪ್ರತಿ ಸಂಡೇ ಮಾತಾಡ್ತಿದ್ರು. ಅವನು ಎತ್ತಲಿಲ್ಲ ಅಂತ ನಿನ್ನೆಯಿಂದ ನನ್ ಫೋನಿಗೆ ಮಾಡ್ತಿದಾರೆ. ಪೊಲೀಸ್‌ನವರು ಮನೆಗೆ ಸುದ್ದಿ ಮುಟ್ಟಿಸ್ತೀವಿ ಅಂದ್ರು. ಇನ್ನೂ ಮುಟ್ಟಿಲ್ಲ ಅನ್ಸುತ್ತೆ. ನಮ್ ಕೈಲಿ ಆಗ್ತಿಲ್ಲ ಅಕ್ಕಾ. ನೀವು ಹೇಳ್ಬಿಡ್ತೀರಾ?"

ಫೋನು ನಿಂತಿತು. ಮತ್ತೆ ಅದುರಿತು. ನಾನು ಎತ್ತಿದೆ.

"ಯಾಕೋ ಯಪ್ಪಾ, ಯಾರೂ ಫೋನ್ ಎತ್ತವಲ್ರಿ? ಎಲ್ಲಿ ಹೋಗ್ಯಾನ ಅಂವ?"

"ಅಮ್ಮಾ, ನಾನು ಇಲ್ಲೇ ಬ್ರಿಸ್ಬೇನಲ್ಲಿ ಇರೋಳು. ಮೈಸೂರಿನವಳು. ನಿಮ್ಮ ಜೊತೆ ಯಾರಾದ್ರೂ ಇದ್ದಾರಾ ಈಗ?"

ಆ ಕಡೆ ಯಾವುದೋ ಗಾಲಿಯ ಸದ್ದು, ಜನರ ಗುಜುಗುಜು.

"ನಾನು ದವಾಖಾನ್ಯಾಗ ಡ್ಯೂಟಿ ಮ್ಯಾಲ ಅದೀನಿ. ನರ್ಸು," ಎಂದರು. ದನಿ ಇಳಿದಿತ್ತು. "ನಾನೂ ಮಂದಿಗೆ ಹಿಂಗ ಕೇಳತೀನವ್ವಾ, ಜೊತಿಗೆ ಯಾರರ ಅದಾರೇನು ಅಂತ. ಹೇಳಿಬಿಡು. ನನ್ನ ಮಗಾ ಅದಾನೋ ಇಲ್ಲೋ?"

"ಇಲ್ಲಮ್ಮಾ."

ಅಲ್ಲಿ ಯಾರೋ "ಸಿಸ್ಟರ್" ಎಂದು ಕರೆದರು. "ಬಂದ್ನಿ, ತಡೀರಿ" ಎಂದು ಅವರಿಗೆ ಉತ್ತರ ಕೊಟ್ಟರು. ಆಮೇಲೆ ನನಗೆ, "ಹೆಂಗ?" ಎಂದರು.

ಹೇಳಿದೆ. ಸಮುದ್ರ, ಮಧ್ಯಾಹ್ನ, ಅಲೆ.

"ಉಸರು ಕೊಟ್ಟು ನೋಡಿದ್ರೇನು?"

"ತುಂಬಾ ಹೊತ್ತು ನೋಡಿದ್ರಂತೆ ಅಮ್ಮಾ."

"ನೋಡಿರ್ತಾರ." ಆಮೇಲೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಅವರು ಅಳಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಮತ್ತೆ ಮಾತಾಡಿದಾಗ, "ನೀ ಅವನ ಗೆಳತಿ ಏನವ್ವಾ?" ಎಂದು ಕೇಳಿದರು. ಆ ದನಿಯಲ್ಲಿ ಒಂದು ಆಸೆ ಇತ್ತು.

"ಅಲ್ಲಮ್ಮಾ. ನಾನು ಪೇಪರಿನವಳು. ಬರೆಯೋಕೆ ಅಂತ ಬಂದಿದ್ದೆ."

"ಬರೀಬ್ಯಾಡ. ಅವರಪ್ಪ ಬಸ್ ತೊಗೊಂಡು ಪುಣೆಕಡೆ ಹೋಗ್ಯಾನ, ಈಗ ಸ್ಟೇರಿಂಗ್ ಹಿಡಕೊಂಡು ಕುಂತಿರ್ತಾನ. ಬಸ್ಸಿನ ತುಂಬ ಮಂದಿ ಇರ್ತಾರ. ಅಂವ ಬಂದು ಇಳೀಲಿ. ಅಲ್ಲೀತನಕ ಯಾರೂ ಹೇಳಬ್ಯಾಡ್ರಿ."

ಆಫೀಸಿಗೆ ಮರಳಿದಾಗ ಸಂಪಾದಕರು ಕೇಳಿದರು: "ಮನೆಯವರು ಸಿಕ್ಕರಾ?"

"ತಾಯಿ ಸಿಕ್ಕರು. ನಾನೇ ಸುದ್ದಿ ಹೇಳಬೇಕಾಯಿತು. ಬರೆಯಬೇಡ ಅಂದರು. ತಂದೆಗೆ ಇನ್ನೂ ಗೊತ್ತಿಲ್ಲ, ಬಸ್ ಓಡಿಸುತ್ತಿದ್ದಾರೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಕೂರಿಸಿ ತಾವೇ ಟೀ ಮಾಡಿ ತಂದರು. ಆ ವಾರದ ಪತ್ರಿಕೆಯಲ್ಲಿ ಪೊಲೀಸರು ಹೇಳಿದಷ್ಟೇ ಬಂತು, ನಾಲ್ಕು ಸಾಲು, ಹುಡುಗನ ಹೆಸರಿಲ್ಲದೆ.

ಮಾರನೆಯ ದಿನ ತಾಯಿ ಹುಡುಗರಿಂದ ನನ್ನ ನಂಬರು ತೆಗೆದುಕೊಂಡು ನನಗೇ ಫೋನ್ ಮಾಡಿದರು. ಅವನನ್ನು ಊರಿಗೆ ಕಳಿಸಿಕೊಡುವ ಮೊದಲು ಒಂದು ಬಟ್ಟೆ ಹಾಕಿಸಬೇಕಿತ್ತು. ಕ್ರಿಸ್‌ಮಸ್ಸಿಗೆಂದು ಅವರು ಗದಗಿನ ಪಕ್ಕದ ತಮ್ಮೂರು ಬೆಟಗೇರಿಯಿಂದ ಕಳಿಸಿದ್ದ ಬಿಳಿ ಶರ್ಟು. ಹುಡುಗರು ಅವನ ಕಪಾಟಿನಲ್ಲಿ ಹುಡುಕಿ ಕೊಟ್ಟರು. ಗುಂಡುಪಿನ್ನು ಕೂಡ ತೆಗೆದಿರಲಿಲ್ಲ, ಒಳ್ಳೆಯ ದಿನಕ್ಕೆಂದು ಎತ್ತಿಟ್ಟಿದ್ದನೇನೋ. ನಾನು ಮನೆಗೆ ತಂದು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಇಸ್ತ್ರಿ ಮಾಡಿದೆ. ನನ್ನ ಗಂಡ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ನೀ ಹೋಗಿ ಮಾರಿ ನೋಡಿ ಬಾರವ್ವಾ," ಎಂದಿದ್ದರು ತಾಯಿ. "ಹುಡುಗರು ಅಂಜತಾವ." ಶರ್ಟು ತೆಗೆದುಕೊಂಡು ಶವಾಗಾರಕ್ಕೆ ಹೋದೆ. ಬದುಕಿದ್ದಾಗ ನಾನು ಒಮ್ಮೆಯೂ ಕಾಣದ ಹುಡುಗ. ಆ ಮುಖವನ್ನು ಅವನ ತಾಯಿಯ ಪರವಾಗಿ ನೋಡಿದೆ. ಹೊರಗೆ ಬಂದು ಕಾರಿನಲ್ಲಿ ಕೂತು ಫೋನ್ ಮಾಡಿದೆ.

"ಶರ್ಟು ಸರೀ ಆತೇನು? ಅಳತಿ ಅಂದಾಜಲೇ ಕಳಿಸಿದ್ದೆ."

"ಸರಿಯಾಗಿದೆ ಅಮ್ಮಾ."

"ಗಡ್ಡ ಬಿಟ್ಟಿದ್ನೇನು?"

"ಸ್ವಲ್ಪ ಇತ್ತು."

"ಬಿಡಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ," ಎಂದರು. ಅವರು ಅತ್ತದ್ದನ್ನು ನಾನು ಕೇಳಿದ್ದು ಆಗಲೇ.

ಪತ್ರಿಕೆಯಲ್ಲಿ ಕಲಿತದ್ದರ ಬಗ್ಗೆ ವಿಶ್ವವಿದ್ಯಾಲಯಕ್ಕೆ ನಾನೊಂದು ವರದಿ ಕಳಿಸಬೇಕಿತ್ತು. ಕೂತರೆ ಒಂದು ವಾಕ್ಯವೂ ಮುಂದೆ ಹೋಗುತ್ತಿರಲಿಲ್ಲ. ಟ್ಯೂಟರ್ ಫೋನ್ ಮಾಡಿ ಯಾಕೆ ತಡವೆಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. "ಬೇಕಾದಷ್ಟು ಸಮಯ ತಗೋ. ಬೇರೆ ಯಾವುದರ ಬಗ್ಗೆಯಾದರೂ ಬರಿ," ಎಂದರು. ಅಂಜೂರದ ಮರದ ಬಗ್ಗೆ ಬರೆದು ಕಳಿಸಿದೆ. ಪಾಸಾಯಿತು. ಕೆಲವು ತಿಂಗಳಿಗೆ ಆ ವಾರಪತ್ರಿಕೆಯೇ ನಿಂತುಹೋಯಿತು. ಮೆಟ್ಟಿಲ ಬಳಿ ಬಾಡಿಗೆಗಿದೆ ಎಂಬ ಬೋರ್ಡು ನೋಡಿಯೇ ನನಗೆ ಗೊತ್ತಾದದ್ದು.

ಮತ್ತೆ ಊರು ಬದಲಾಯಿತು. ಅಡಿಲೇಡಿನ ಮಾಡ್ಬರಿಗೆ ಬಂದೆವು. ಕೊನೆಯ ವಿಷಯ ಕಾನೂನಿನದು. ಪರೀಕ್ಷೆಗೆ ಊರೊಳಗಿನ ಒಂದು ಹಾಲ್‌ಗೆ ಬಸ್ಸಿನಲ್ಲಿ ಹೋಗಿ ಬರೆದು ಬಂದೆ. ಘಟಿಕೋತ್ಸವ ಬೇರೆ ರಾಜ್ಯದಲ್ಲಿ, ಹೋಗಲಿಲ್ಲ. ಪ್ರಮಾಣಪತ್ರ ಕೊರಿಯರಿನಲ್ಲಿ ಬಂತು. ಆ ವರ್ಷಗಳಲ್ಲಿ ಪತ್ರಿಕೆಗಳು ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು, ಹೊಸಬರನ್ನು ಕೇಳುವವರಿರಲಿಲ್ಲ. ಅರ್ಜಿ ಹಾಕಿ ಹಾಕಿ ಸಾಕಾಗಿ ಒಂದು ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೆಲಸಕ್ಕೆ ಸೇರಿದೆ.

ಅದನ್ನು ಬೆಟಗೇರಿಯ ಆ ತಾಯಿಗೆ ಹೇಳಿದಾಗ, "ಕಡೀಕ ನನ್ನ ಲೈನಿಗೇ ಬಂದ್ಯಲ್ಲವ್ವಾ!" ಎಂದು ನಕ್ಕರು. ಅವರ ನಗು ಕೇಳಿದ್ದು ಅದೇ ಮೊದಲು.

ಭಾನುವಾರ ಚರ್ಚಿನಿಂದ ಬಂದು ಅವರು ನನಗೆ ಫೋನ್ ಮಾಡುವುದು ಬ್ರಿಸ್ಬೇನಿನಲ್ಲೇ ರೂಢಿಯಾಗಿತ್ತು. ಮಗನಿಗೆ ಮಾಡುತ್ತಿದ್ದ ಹೊತ್ತಿಗೇ ನನಗೆ. ಇಲ್ಲಿ ಆಗ ಮಧ್ಯಾಹ್ನ ಇಳಿಯುತ್ತಿರುತ್ತಿತ್ತು. "ಏನ ಅಡಿಗಿ ಮಾಡಿದಿ? ಅಲ್ಲೆ ಥಂಡಿ ಐತೇನು? ಸ್ವೆಟರ್ ಹಾಕ್ಕೋ." ಮಗನ ಮಾತು ಅಪರೂಪಕ್ಕೊಮ್ಮೆ ಬರುತ್ತಿತ್ತು. ಹಿಂದೆ ಅವರ ಗಂಡ ಓಡಾಡುವ ಸದ್ದು ಕೇಳುತ್ತಿತ್ತು. ಅವರು ಒಮ್ಮೆಯೂ ಫೋನಿಗೆ ಬರಲಿಲ್ಲ. "ಅಂವ ಮಾತಾಡಂಗಿಲ್ಲವ್ವಾ, ಡ್ಯೂಟಿಗೆ ಹೋಗತಾನ, ಬರತಾನ," ಎನ್ನುತ್ತಿದ್ದರು.

ಮುಂದೊಮ್ಮೆ ಮೈಸೂರಿಗೆ ಹೋದಾಗ ಅವರನ್ನು ಕಾಣಲೇಬೇಕು ಅನ್ನಿಸಿತು. ಬರಲಾ ಎಂದು ಕೇಳಿದೆ. ಕ್ಷಣ ತಡೆದು "ಬಾ" ಎಂದರು. ಗದಗ ಸ್ಟೇಷನ್ನಿಗೆ ಅವರ ಗಂಡ ಬಂದಿದ್ದರು, ಖಾಕಿಯಲ್ಲೇ. ನನ್ನ ಬ್ಯಾಗು ತೆಗೆದುಕೊಂಡು ಆಟೋದಲ್ಲಿಟ್ಟರು, ದಾರಿಯುದ್ದಕ್ಕೂ ಮಾತಿಲ್ಲ. ತಾಯಿ ಹೊಸಿಲಲ್ಲಿ ನಿಂತಿದ್ದರು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ದೇಹ. ನನ್ನನ್ನು ನೋಡಿದರು, ನಂತರ ನನ್ನ ಹಿಂದೆ, ಆಟೋದ ಕಡೆ ನೋಡಿದರು. ಗಂಡ ದುಡ್ಡು ಕೊಟ್ಟು, ಆಟೋ ತಿರುಗಿ ಓಣಿಯಿಂದ ಹೊರಟುಹೋಗುವವರೆಗೂ ನೋಡುತ್ತಲೇ ನಿಂತಿದ್ದರು.

ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಸಂಜೆ ಸಮಾಧಿಗೆ ಕರೆದುಕೊಂಡು ಹೋದರು. ಸುತ್ತಲಿನ ಕಸವನ್ನು ಇಬ್ಬರೂ ಕಿತ್ತೆವು. ಅಲ್ಲಿ ಕೂತಿದ್ದಾಗ ನನ್ನ ಕೈ ಹಿಡಿದುಕೊಂಡು, ಕಲ್ಲಿನ ಮೇಲಿನ ಅವನ ಹೆಸರನ್ನೇ ನೋಡುತ್ತಾ ಹೇಳಿದರು:

"ಸಿಟ್ಟಾಗಬ್ಯಾಡವ್ವಾ. ನೀ ಬರಬಾರದಿತ್ತು."

ನಾನು ಅವರ ಕಡೆ ತಿರುಗಿದೆ.

"ಅವನ್ನ ಇಲ್ಲೇ ಮಣ್ಣಿಗೆ ಇಟ್ಟೀನಿ, ಗೊತ್ತೈತಿ. ಆದ್ರ ಫೋನಿನ್ಯಾಗ ನೀ ಮಾತಾಡುವಾಗ ಹಿಂದ ಅಲ್ಲಿನ ಗಾಳಿ ಕೇಳಸ್ತಿತ್ತು, ಗಾಡಿ ಕೇಳಸ್ತಿದ್ವು. ಅಂವ ಅಲ್ಲೇ ಎಲ್ಲೋ ಬಾಜೂಕ ಅದಾನ ಅನಸ್ತಿತ್ತು. ಈಗ ನೀ ಒಬ್ಬಾಕೇ ಬಂದು ಆಟೋ ಇಳಿದಿ."

ಆ ಕೈಯನ್ನು ಬಿಡದೆ ಕೂತೆ. ಕತ್ತಲಾಗುವ ಮೊದಲು ಮನೆಗೆ ಬಂದೆವು. ಮಾರನೆಯ ಬೆಳಿಗ್ಗೆ ಹೊರಡುವಾಗ ರೊಟ್ಟಿ ಕಟ್ಟಿಕೊಟ್ಟರು, ಹಣೆಗೆ ಮುತ್ತು ಕೊಟ್ಟರು.

ಮಾಡ್ಬರಿಗೆ ಮರಳಿದ ಮೇಲೆ ಭಾನುವಾರಗಳು ಕಳೆದವು, ಫೋನು ಬರಲಿಲ್ಲ. ಕೊನೆಗೆ ತಡೆಯಲಾರದೆ ನಾನೇ ಮಾಡಿದೆ. ಅವರ ಗಂಡ ಎತ್ತಿದರು. ಆಕಿ ಒಳಗ ಮಲಗ್ಯಾಳ ಎಂದರು. ಎಬ್ಬಿಸಬೇಡಿ, ಸುಮ್ಮನೆ ಮಾಡಿದೆ ಎಂದೆ. ಇಡುತ್ತಾರೆ ಅಂದುಕೊಂಡೆ, ಇಡಲಿಲ್ಲ. ಉಸಿರಾಟ ಕೇಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರು ಒಂದು ಮಾತನ್ನೂ ಕೇಳಿದವರಲ್ಲ.

"ಸಮುದ್ರ ನಿಮ್ಮ ಮನಿಗೆ ಸಮೀಪ ಐತೇನ್ರಿ?" ಎಂದು ಕೇಳಿದರು.

"ಇಲ್ಲ, ದೂರ ಇದೆ."

"ದೂರ ಇರ್ರಿ," ಎಂದು ಫೋನ್ ಇಟ್ಟರು.