ಪರದೆಯ ಸಂದಿನ ಕೈ

ಕಂಪ್ಯೂಟರಿನ ತೆರೆಯ ಮೂಲೆಯೊಂದರಲ್ಲಿ ಪುಟ್ಟ ಅಂಕಿ ಸೊನ್ನೆಯಾಗಿಯೇ ನಿಂತಿರುವಾಗ ಮನಸ್ಸಿಗಾಗುವ ನೆಮ್ಮದಿ ನಿಮಗೆ ಪರಿಚಯವಿಲ್ಲವೆಂದರೆ, ನೀವು ಹಳೆಯ ವೀಡಿಯೊ ಕ್ಯಾಸೆಟ್ಟನ್ನು ಸೀಡಿಗೆ ಇಳಿಸುವ ಸಾಹಸಕ್ಕೆ ಎಂದೂ ಕೈಹಾಕಿದವರಲ್ಲ. ವಿಸಿಆರಿನಲ್ಲಿ ಕ್ಯಾಸೆಟ್ಟು ಓಡುತ್ತಿರುತ್ತದೆ. ಸೆಕೆಂಡಿಗೆ ಇಪ್ಪತ್ತೈದರಂತೆ ಬಿಡಿ ಚಿತ್ರಗಳು, ಅಂದರೆ ಫ್ರೇಮುಗಳು, ತಂತಿಯಲ್ಲಿ ಹರಿದು ಕಂಪ್ಯೂಟರಿಗೆ ಬರುತ್ತವೆ. ಹಾಗೆ ಬರುವಾಗ ಕೈತಪ್ಪಿ ಬಿದ್ದುಹೋದವು ಎಷ್ಟೆಂದು ಆ ಅಂಕಿ ಹೇಳುತ್ತದೆ. ಮೂಡುಬಿದಿರೆಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನಾನು ತರಗತಿಯ ಗೈರುಹಾಜರಿಗೆ ಎಂದೂ ತಲೆ ಕೆಡಿಸಿಕೊಂಡವನಲ್ಲ. ಆದರೆ ಫ್ರೇಮುಗಳ ಗೈರುಹಾಜರಿ ನನ್ನ ಊಟದ ರುಚಿಯನ್ನೇ ಕೆಡಿಸಿತ್ತು.

ಮನೆಮನೆಗೆ ಸೀಡಿ ಪ್ಲೇಯರ್ ಬಂದು ವಿಸಿಆರುಗಳು ಅಟ್ಟ ಸೇರುತ್ತಿದ್ದ ಕಾಲವದು. ಕಂಪ್ಯೂಟರಿಗೆ ವೀಡಿಯೊ ಕಾರ್ಡ್ ಹಾಕಿಸಿಕೊಂಡು ನಾನು ತಂತ್ರಜ್ಞನೆಂಬ ಅಪಕೀರ್ತಿಗೆ ಪಾತ್ರನಾಗಿದ್ದೆ. ಅದನ್ನು ನಂಬಿದವರಲ್ಲಿ ಸಹೋದ್ಯೋಗಿ ಹಮೀದ್ ಒಬ್ಬರು. ವಾಣಿಜ್ಯಶಾಸ್ತ್ರ ಕಲಿಸುವ ಅವರ ಮನೆ ಬಂಟ್ವಾಳದಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ನಡೆದ ತಂಗಿಯ ಮದುವೆಯ ಕ್ಯಾಸೆಟ್ಟನ್ನು ಅವರು ನನ್ನ ಕೈಗಿತ್ತರು. ಮದುವೆಯಾದ ಮರುವರ್ಷವೇ ಅವರ ತಂದೆ ತೀರಿಕೊಂಡಿದ್ದರಂತೆ. ಫೋಟೋಗಳಲ್ಲಿ ತಂದೆ ಬೇಕಾದಷ್ಟು ಕಡೆ ನಿಂತಿದ್ದಾರೆ, ನಡೆದಾಡುವುದು ಈ ಕ್ಯಾಸೆಟ್ಟಿನಲ್ಲಿ ಮಾತ್ರ. ಮನೆಯ ವಿಸಿಆರ್ ಕೆಟ್ಟ ಮೇಲೆ ತಾಯಿ ಆಯಿಶಮ್ಮನವರಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಸೀಡಿ ಸಿದ್ಧವಾಯಿತು. ಒಂದು ಭಾನುವಾರ ಬಂಟ್ವಾಳಕ್ಕೆ ಹೋಗಿ, ಎಲ್ಲರೂ ಕೂತು ನೋಡಿದೆವು. ಬಿದ್ದುಹೋದ ಕೆಲವು ಫ್ರೇಮುಗಳನ್ನು ಯಾರೂ ಗಮನಿಸಲಾರರೆಂದು ನಾನು ಧೈರ್ಯವಾಗಿದ್ದೆ. ಒಂದೆಡೆ ಹಮೀದರ ತಂದೆ ಒಳಕೋಣೆಯ ಬಾಗಿಲ ಪರದೆಯತ್ತ ತಿರುಗಿ ಏನೋ ಕೇಳಿದರು. ಚಿತ್ರ ಚಕ್ಕನೆ ಜಿಗಿಯಿತು. ಅವರು ಆಗಲೇ ಕ್ಯಾಮರಾದತ್ತ ತಿರುಗಿ ನಗಲು ಶುರುಮಾಡಿದ್ದರು. ಆಯಿಶಮ್ಮ ನನ್ನ ಕಡೆ ನೋಡಿ ತುಳುವಿನಲ್ಲಿ ಮೆಲ್ಲಗೆ ಹೇಳಿದರು.

“ಇಲ್ಲಿ ನನ್ನ ಕೈ ಬರಬೇಕಿತ್ತು ಮಾಷ್ಟ್ರೇ. ಬರಲಿಲ್ಲ.”

ಮದುವೆಯ ದಿನ ಹೆಂಗಸರಾರೂ ಕ್ಯಾಮರಾದ ಮುಂದೆ ಬಂದಿರಲಿಲ್ಲ. ಇಡೀ ಕ್ಯಾಸೆಟ್ಟಿನಲ್ಲಿ ಆಯಿಶಮ್ಮ ಇದ್ದದ್ದು ಅಷ್ಟೇ: ಪರದೆಯ ಸಂದಿನಿಂದ ಹೊರಬಂದು ಒಳಸರಿಯುವ ಒಂದು ಕೈ. ಅದನ್ನು ನಾನು ಕಳೆದುಹಾಕಿದ್ದೆ.

ಊರಿಗೆ ಮರಳಿದವನೇ ಕಂಪ್ಯೂಟರನ್ನು ಅಪರಾಧಿಯೆಂದು ತೀರ್ಮಾನಿಸಿ ವಿಚಾರಣೆಗೆ ತೊಡಗಿದೆ. ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದೆ, ವೈರಸ್ ಬರದಂತೆ ಕಾಯುವವನಿಗೆ ರಜೆ ಕೊಟ್ಟೆ, ತೆರೆಯ ಮೇಲೆ ಈಜುವ ಸ್ಕ್ರೀನ್ ಸೇವರ್ ಮೀನುಗಳನ್ನು ಓಡಿಸಿದೆ, ಹಾರ್ಡ್ ಡಿಸ್ಕನ್ನು ಗುಡಿಸಿ ಸಾರಿಸಿ ಒಪ್ಪಮಾಡಿದೆ. ಯಾವ ಶಾಸ್ತ್ರಾಧಾರವೂ ಇಲ್ಲದೆ ಫ್ಯಾನನ್ನು ಸಹ ನಿಲ್ಲಿಸಿದೆ. ಸೆಕೆಯಲ್ಲಿ ಬೆವರುತ್ತಿದ್ದ ಹೆಂಡತಿ, ಕಂಪ್ಯೂಟರಿಗೆ ಗಾಳಿ ಬೇಡವಾದರೆ ಬೇಡ, ಮನುಷ್ಯರಿಗೆ ಬೇಕೆಂದು ಹೇಳಿ ಮತ್ತೆ ಹಾಕಿದಳು. ಅಂಕಿ ಮಾತ್ರ ಏರುತ್ತಲೇ ಇತ್ತು.

ಆಮೇಲೆ ಹೊಳೆಯಿತು: ಅದು ಏರುವುದು ಪ್ರತಿ ಸಲವೂ ಅದೇ ಜಾಗದಲ್ಲಿ. ಸೋಮಾರಿ ವಿದ್ಯಾರ್ಥಿ ಯಾವ ಪಾಠದಲ್ಲಿ ಬೇಕಾದರೂ ತೂಕಡಿಸಬಲ್ಲ. ಕಂಪ್ಯೂಟರು ತೂಕಡಿಸುವುದಿದ್ದರೆ ಅದಕ್ಕೆ ಆ ಪರದೆಯ ಮೇಲೇ ಏಕೆ ಹಗೆ? ದೋಷ ಕ್ಯಾಸೆಟ್ಟಿನಲ್ಲೇ ಇರಬೇಕು. ಮರುದಿನ ಸ್ಟಾಫ್ ರೂಮಿನಲ್ಲಿ ಹಮೀದರನ್ನು ವಿಚಾರಿಸಿದೆ.

“ಉಮ್ಮ ಯಾವಾಗಲೂ ಅಲ್ಲಿಯೇ ನಿಲ್ಲಿಸುವುದು ಮಾರಾಯ್ರೆ,” ಎಂದರು ಅವರು ತಾಯಿಯ ಕುರಿತು.

ವಿಸಿಆರಿನಲ್ಲಿ ಚಿತ್ರವನ್ನು ನಿಲ್ಲಿಸಿದಾಗ ಟೇಪು ನಿಲ್ಲುತ್ತದೆ, ಅದನ್ನು ಓದುವ ಉರುಳೆ ನಿಲ್ಲುವುದಿಲ್ಲ. ಅದು ಅದೇ ತಾವನ್ನು ಉಜ್ಜುತ್ತಲೇ ಇರುತ್ತದೆ. ವರ್ಷಗಟ್ಟಲೆ ನೋಡಿ ನೋಡಿ ಆಯಿಶಮ್ಮ ತಮ್ಮ ಕೈಯನ್ನು ತಾವೇ ಸವೆಸಿದ್ದರು. ಅಲ್ಲಿಂದ ಕುಂಟುತ್ತ ಬರುವ ಸಂಕೇತವನ್ನು ನನ್ನ ಕಂಪ್ಯೂಟರು ಚಿತ್ರವೆಂದು ಗುರುತಿಸದೆ ಹೊರಗೆ ಎಸೆಯುತ್ತಿತ್ತು. ಇದನ್ನು ಹಮೀದರಿಗೆ ಹೇಳುವಾಗ, ತಾಯಿಗೆ ಹೇಳುವುದು ಬೇಡವೆಂದು ಇಬ್ಬರಿಗೂ ಅನ್ನಿಸಿತು.

ಬೆಳ್ತಂಗಡಿಯಲ್ಲಿ ಮದುವೆ ವೀಡಿಯೊ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿ ಲೋಕೇಶನಲ್ಲಿ ಒಳ್ಳೆಯ ವಿಸಿಆರೂ ಹೊಸ ಡಿಜಿಟಲ್ ಕ್ಯಾಮರಾವೂ ಇದ್ದವು. ವಿಸಿಆರಿಗೂ ಕಂಪ್ಯೂಟರಿಗೂ ನಡುವೆ ಆ ಕ್ಯಾಮರಾವನ್ನು ಕೂರಿಸಿದರೆ ಕುಂಟುವ ಚಿತ್ರವನ್ನು ಅದು ಕೈಹಿಡಿದು ನಡೆಸೀತೆಂಬುದು ನಮ್ಮಿಬ್ಬರ ಊಹೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಮಡಿಲಲ್ಲಿ ಹೊತ್ತು, ಸಹಪ್ರಯಾಣಿಕರ ಅನುಮಾನದ ದೃಷ್ಟಿಗಳನ್ನು ಸಹಿಸುತ್ತ, ನಾನು ಬಸ್ಸಿನಲ್ಲಿ ಬೆಳ್ತಂಗಡಿ ತಲುಪಿದೆ. ಮೊದಲ ಪ್ರಯತ್ನ ಕೈಕೊಟ್ಟಿತು. ಲೋಕೇಶ ವಿಸಿಆರಿನ ಉರುಳೆಯನ್ನು ಒರೆಸಿದ. ಟೇಪನ್ನು ಕೊನೆಯವರೆಗೆ ಓಡಿಸಿ ಮತ್ತೆ ಸುತ್ತಿದೆವು. ಮುಂದಿನ ಸಲ ಹಮೀದರ ತಂದೆ ಪರದೆಯತ್ತ ತಿರುಗಿದಾಗ ಅಂಕಿ ಕದಲಲಿಲ್ಲ. ಬಿಳಿ ಚುಕ್ಕೆಗಳ ನಡುವಿನಿಂದ ಬಳೆ ತೊಟ್ಟ ಕೈಯೊಂದು ಹೊರಬಂದು, ಬೆರಳು ಚಾಚಿ, ಒಳಗೆ ಹೋಯಿತು.

ಮತ್ತೆ ಬಂಟ್ವಾಳ. ಕೈ ಕಂಡಾಗ ಆಯಿಶಮ್ಮ ಸ್ವಲ್ಪ ಮುಂದೆ ಬಾಗಿ ಕೂತರು. ವೀಡಿಯೊದವನು ಮಾತುಗಳನ್ನೆಲ್ಲ ಅಳಿಸಿ ಉದ್ದಕ್ಕೂ ಹಾಡು ತುಂಬಿಸಿದ್ದರಿಂದ ಅಲ್ಲಿ ನಡೆದ ಸಂಭಾಷಣೆ ಯಾರಿಗೂ ಕೇಳುವಂತಿರಲಿಲ್ಲ. ನನಗೆ ಕುತೂಹಲ ತಡೆಯಲಿಲ್ಲ. ಹಮೀದರ ತಂದೆ ಆಗ ಏನು ಕೇಳಿದ್ದೆಂದು ಆಯಿಶಮ್ಮನವರನ್ನು ವಿಚಾರಿಸಿದೆ.

“ಕನ್ನಡಕ ಎಲ್ಲಿ ಅಂತ. ಅವರ ಕಿಸೆಯಲ್ಲಿಯೇ ಉಂಟು. ನಾನು ತೋರಿಸಿದ್ದು.”

ನಾವೆಲ್ಲ ನಕ್ಕೆವು. ಹಮೀದರಿಗೂ ಇದು ಗೊತ್ತಿರಲಿಲ್ಲವಂತೆ. ಹಿಂದಕ್ಕೆ ಸರಿಸಿ ಮತ್ತೆ ಹಾಕಿದೆವು, ಕೈ ಹೊರಬಂದಿತು. ಇನ್ನು ಎಷ್ಟು ಹೊತ್ತು ನಿಲ್ಲಿಸಿಟ್ಟರೂ ಸವೆಯುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡು, ನಿಲ್ಲಿಸಲೇ ಎಂದು ಕೇಳುತ್ತ ನಾನು ರಿಮೋಟ್ ಎತ್ತಿಕೊಂಡೆ. ಆಯಿಶಮ್ಮ ತೆರೆಯಿಂದ ಕಣ್ಣು ತೆಗೆಯದೆ ಬೇಡವೆಂದು ತಲೆಯಾಡಿಸಿದರು.

“ಮುಂದೆ ಹೋಗಲಿ ಮಾಷ್ಟ್ರೇ. ಅವರು ನಗುವುದು ಇನ್ನು ಬರಬೇಕಷ್ಟೆ.”