ಇನ್ನೂರು ಮೀಟರ್ ಈಶಾನ್ಯಕ್ಕೆ

ಸಿಟ್ಟು ಬಂದಾಗ ಕವನಾ ಮೇಜಿನ ಮೇಲಿರುವುದನ್ನೆಲ್ಲ ನೇರವಾಗಿ ಜೋಡಿಸತೊಡಗುತ್ತಾಳೆ. ಪೆನ್ನು, ಮಗ್ಗು, ಮೌಸು, ಎಲ್ಲವೂ ಒಂದಕ್ಕೊಂದು ಸಮಾನಾಂತರವಾಗಿ. ಪರ್ತ್‌ನ ಬೆಂಟ್ಲಿಯಲ್ಲಿ ಅವಳ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದ ನಮಗೆಲ್ಲ ಇದು ಗೊತ್ತಿತ್ತು. ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಚಮಚಗಳು ಸಾಲಾಗಿ ಮಲಗಿದ್ದರೆ, ಯಾರೋ ಅವಳ ಮೊಸರು ತಿಂದಿದ್ದಾರೆ ಎಂದು ತಿಳಿದುಕೊಳ್ಳುತ್ತಿದ್ದೆವು.

ಮೈಸೂರಿನ ಸರಸ್ವತಿಪುರಂ ಹುಡುಗಿ. ಅಪ್ಪ ನಟರಾಜ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕರು. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿ ಮೊದಲು ಬ್ರಿಸ್ಬೇನ್‌ಗೆ ಬಂದಳು. ಅಲ್ಲಿ ಸನ್ನಿಬ್ಯಾಂಕ್‌ನ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ಪೇರಿಸುತ್ತಾ ಒಂದು ಡಿಪ್ಲೊಮಾ ಮಾಡಿದಳು. ಆಮೇಲೆ ನಕ್ಷಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆಂದು ಪರ್ತ್‌ಗೆ ಬಂದಳು. ಓದು ಮುಗಿಯುವ ಹೊತ್ತಿಗೆ, ಕನ್ನಡ ಸಂಘದ ಊಟದಲ್ಲಿ ಪರಿಚಯವಾದ ಬೆಂಗಳೂರಿನ ರಾಜಗೋಪಾಲ್ ತಮ್ಮ ಕಂಪನಿಯಲ್ಲೇ ಅವಳಿಗೆ ಕೆಲಸ ಕೊಡಿಸಿದರು. ಊರು, ರಸ್ತೆ, ಗಣಿಗಳಿಗೆ ನಕ್ಷೆ ಮಾಡಿಕೊಡುವ ಸಣ್ಣ ಕಂಪನಿ ಅದು. ರಾಜಗೋಪಾಲ್ ಅಲ್ಲಿ ಹಿರಿಯರು, ಅವಳ ಮೇಲಿನವರು.

ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಒಂದು ಮರುಭೂಮಿಯ ಊರಿನದು. ಕಾಲ್ಗೂರ್ಲಿ ದಾಟಿ ಪೂರ್ವಕ್ಕೆ ಬಹಳ ದೂರ ಹೋಗಬೇಕು. ಮೂಲನಿವಾಸಿಗಳ ಊರು, ಮುನ್ನೂರು ಜನ ಇದ್ದಾರು. ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅಲ್ಲಿನವರು ಬೇಡ ಎಂದಿದ್ದಾರೆ. ಹಳೆಯ ನಕ್ಷೆಗಳನ್ನೆಲ್ಲ ಕಲೆಹಾಕಿ, ಇಂದಿನ ಉಪಗ್ರಹ ಚಿತ್ರದ ಮೇಲೆ ಒಂದೊಂದಾಗಿ ಕೂರಿಸಿ, ಆ ಊರು ಹೇಗೆ ಬದಲಾಯಿತು ಎಂದು ತೋರಿಸಬೇಕಿತ್ತು. ಕವನಾ ಅದನ್ನು ಪ್ರೀತಿಯಿಂದ ಮಾಡಿದಳು. ಎಪ್ಪತ್ತರ ದಶಕದ ಸರ್ಕಾರಿ ನಕ್ಷೆಯಲ್ಲಿ ಒಂದು ನೀರಿನ ಗುಂಡಿ, ಅದರ ಪಕ್ಕ ಸಣ್ಣ ಕಪ್ಪು ಚೌಕಗಳು. ಅದು ಹಳೆಯ ಬಿಡಾರ. ಮುಂದಿನ ನಕ್ಷೆಯಲ್ಲಿ ಚೌಕಗಳಿಲ್ಲ. ಒಂದಷ್ಟು ದೂರದಲ್ಲಿ ಕೊಳವೆಬಾವಿ, ಶಾಲೆ, ಸಾಲು ಮನೆ ಮತ್ತು ವಿಮಾನ ಇಳಿಯುವ ಪಟ್ಟಿ. ಜನ ನೀರಿನ ಹಿಂದೆ ಹೋದರು, ಸರ್ಕಾರ ಜನರ ಹಿಂದೆ ಬಂತು ಎಂದು ಅವಳು ಆಗ ನಮಗೆ ವಿವರಿಸುತ್ತಿದ್ದಳು. ಊಟದ ತಟ್ಟೆಯನ್ನು ಊರು ಮಾಡಿಕೊಂಡು, ಉಪ್ಪಿನಕಾಯಿಯನ್ನು ಕೊಳವೆಬಾವಿ ಮಾಡಿಕೊಂಡು.

ಎರಡು ವರ್ಷದ ನಂತರ ಅದೇ ವರದಿಯನ್ನು ಸ್ಥಳೀಯ ಆಡಳಿತ ಇನ್ನೊಂದು ಕೆಲಸಕ್ಕೆ ಬಳಸಿತು. ಊರಿಗೆ ಹೊಸ ಕೊಳಚೆ ಹೊಂಡ ಬೇಕಿತ್ತು. ವಿಮಾನ ಪಟ್ಟಿಯಿಂದ ಆಚೆ ಒಂದು ಖಾಲಿ ಜಾಗ ಗುರುತಿಸಿದರು. ಮೇವಿಸ್ ಎಂಬ ಹೆಂಗಸು ಅದಕ್ಕೆ ಅಡ್ಡ ನಿಂತರು.

ಮೇವಿಸ್‌ಗೆ ಎಪ್ಪತ್ತರ ಹತ್ತಿರ ವಯಸ್ಸು. ಹುಟ್ಟಿದ್ದು ಆ ಹಳೆಯ ಬಿಡಾರದಲ್ಲೇ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಹಸುಗೂಸಾಗಿದ್ದ ತಮ್ಮ ಜ್ವರ ಬಂದು ತೀರಿಕೊಂಡ. ಅವನನ್ನು ಬಿಡಾರದ ಬಳಿಯೇ ಮಣ್ಣು ಮಾಡಿದ್ದರು. ನೀವು ಹೊಂಡ ತೋಡಲು ಹೊರಟಿರುವುದು ಅವನ ಮೇಲೆಯೇ ಎಂದರು ಮೇವಿಸ್. ಆಡಳಿತದ ಉತ್ತರ ಸಿದ್ಧವಿತ್ತು. ನಕ್ಷೆಯ ಪ್ರಕಾರ ಹಳೆಯ ಬಿಡಾರ ಇದ್ದದ್ದು ಈಗ ವಿಮಾನ ಪಟ್ಟಿ ಇರುವಲ್ಲಿ. ಅಲ್ಲೇನಿದ್ದರೂ ಎಂದೋ ಸಪಾಟಾಗಿ ಹೋಗಿದೆ. ಹೊಂಡದ ಜಾಗದಲ್ಲಿ ಏನೂ ಇಲ್ಲ.

ಇದೆಲ್ಲ ಕವನಾಗೆ ಗೊತ್ತಾದದ್ದು ಒಂದು ವಿಡಿಯೊ ಸಭೆಯಲ್ಲಿ. ಆಡಳಿತದ ಅಧಿಕಾರಿಯೊಬ್ಬ ಮಾತನಾಡುತ್ತಿದ್ದ. ಅವನು ಮೇವಿಸ್‌ರನ್ನು ಕಾರಿನಲ್ಲಿ ಕರೆದೊಯ್ದು, ಅವರು ತೋರಿಸಿದಲ್ಲಿ ನಿಂತು, ಜಿಪಿಎಸ್ ಅಳತೆ ತೆಗೆದುಕೊಂಡು ಬಂದಿದ್ದ.

"ಅಜ್ಜಿಯ ಬಿಡಾರ ನಕ್ಷೆಗಿಂತ ಇನ್ನೂರು ಮೀಟರ್ ಈಶಾನ್ಯಕ್ಕಿದೆ," ಎಂದ. "ಚಿಕ್ಕಂದಿನ ನೆನಪು, ಪಾಪ. ನನಗೆ ಕಾರು ಎಲ್ಲಿ ನಿಲ್ಲಿಸಿದೆ ಅನ್ನೋದೇ ನೆನಪಿರಲ್ಲ!"

ಎಲ್ಲರೂ ನಕ್ಕರು. ರಾಜಗೋಪಾಲ್ ಕೂಡ ನಕ್ಕರು. ಕವನಾ ಪೆನ್ನನ್ನು ಮೌಸಿನ ಪಕ್ಕ ನೇರ ಮಾಡಿದಳು.

ಯಾಕೆಂದರೆ ಆ ಸಂಖ್ಯೆ, ಆ ದಿಕ್ಕು ಆಸ್ಟ್ರೇಲಿಯಾದಲ್ಲಿ ನಕ್ಷೆ ಮಾಡುವವರಿಗೆಲ್ಲ ಗೊತ್ತು. ಇಲ್ಲಿನ ಹಳೆಯ ನಕ್ಷೆಗಳು ಭೂಮಿಗೆ ಒಂದು ಆಕಾರವನ್ನು ಇಟ್ಟುಕೊಂಡು ಅಳೆದವು. ತೊಂಬತ್ತರ ದಶಕದಿಂದೀಚೆಗೆ ಉಪಗ್ರಹಕ್ಕೆ ಹೊಂದುವ ಬೇರೆ ಆಕಾರ ಬಂತು. ಹಳೆಯ ನಕ್ಷೆಯ ಅಂಕಿಗಳನ್ನು ಪರಿವರ್ತಿಸದೆ ಹೊಸದರ ಮೇಲೆ ಕೂರಿಸಿದರೆ ಎಲ್ಲವೂ ಸುಮಾರು ಇನ್ನೂರು ಮೀಟರ್ ನೈಋತ್ಯಕ್ಕೆ ಜಾರುತ್ತವೆ. ನಿಜವಾದ ಜಾಗ ಅಷ್ಟೇ ದೂರ ಈಶಾನ್ಯಕ್ಕೆ ಉಳಿಯುತ್ತದೆ. ಮೇವಿಸ್ ನಿಂತಲ್ಲಿ.

ಆಕಾರ ಯಾವುದು ಎಂಬುದನ್ನು ಹಳೆಯ ನಕ್ಷೆಗಳ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಆದರೆ ಕಂಪನಿಯ ರೂಢಿಯೇ ಬೇರೆ. ಹಾಳೆಗಳು ಪಕ್ಕಪಕ್ಕ ಚೆನ್ನಾಗಿ ಕೂಡಲಿ ಎಂದು ಮೊದಲು ನಾಲ್ಕೂ ಅಂಚು ಕತ್ತರಿಸಿ ಎಸೆಯುವುದು. ಕವನಾ ಕೂಡ ಹಾಗೇ ಮಾಡಿದ್ದಳು. ಆಮೇಲೆ ಅಡ್ಡಗೆರೆ ಉದ್ದಗೆರೆ ಕೂಡುವಲ್ಲೆಲ್ಲ ಅಂಕಿ ತುಂಬಿದ್ದಳು. ಗೆರೆಗಳು ಗೆರೆಗಳಿಗೆ ಸರಿಯಾಗಿ ಹೊಂದಿಕೊಂಡವು, ಕಂಪ್ಯೂಟರ್ ದೋಷ ಸೊನ್ನೆ ಎಂದು ತೋರಿಸಿತು. ಹೊಂದದೆ ಇನ್ನೇನು? ತಪ್ಪಾದ ನೆಲದ ಮೇಲೆ ಇಡೀ ಜಾಲವೇ ಒಟ್ಟಿಗೆ ಸರಿದಿತ್ತು. ಆ ಸೊನ್ನೆಯನ್ನು ಅವಳು ಹೆಮ್ಮೆಯಿಂದ ವರದಿಯಲ್ಲಿ ಹಾಕಿದ್ದಳು.

ಸಭೆ ಮುಗಿದೊಡನೆ ಮೂಲ ಹಾಳೆಯ ಕತ್ತರಿಸದ ಪ್ರತಿಯನ್ನು ಹುಡುಕಿ ತೆರೆದು ಕೆಳ ಅಂಚು ನೋಡಿದಳು. ಹಳೆಯ ಆಕಾರವೇ. ನೇರ ರಾಜಗೋಪಾಲ್ ಕೋಣೆಗೆ ಹೋದಳು.

"ಸರ್, ಅವರು ತೋರಿಸಿದ ಜಾಗ ಸರಿಯಿದೆ. ನಕ್ಷೆ ತಪ್ಪು."

"ಯಾವ ನಕ್ಷೆ?"

"ನಂದೇ. ಅಂಚು ಕತ್ತರಿಸಿದ್ದು ನಾನು, ಪರಿವರ್ತನೆ ಮಾಡದೆ ಕೂರ್ಸಿದ್ದೂ ನಾನು."

ರಾಜಗೋಪಾಲ್ ದಡ್ಡರಲ್ಲ. ಪರದೆ ನೋಡಿದ ಕ್ಷಣಕ್ಕೆ ಅರ್ಥವಾಯಿತು. "ಥೋ," ಎಂದು ಹಣೆ ಉಜ್ಜಿಕೊಂಡರು. "ಸರಿ, ಮುಂದಿನ ಆವೃತ್ತೀಲಿ ತಿದ್ದೋಣ ಬಿಡು."

"ಅದು ಯಾವಾಗ ಸರ್?"

"ಮಾರ್ಚ್‌ಗೆ."

"ಹೊಂಡ ಅಗೆಯೋದು ಬರೋ ಸೋಮವಾರ."

"ನೋಡು ಕವನಾ, ಅಲ್ಲಿ ಇನ್ನೂರು ಮೀಟರ್ ಆಚೆಗೂ ಕೆಂಪು ಮಣ್ಣೇ, ಈಚೆಗೂ ಕೆಂಪು ಮಣ್ಣೇ. ಅದೂ ಈಶಾನ್ಯ. ವಾಸ್ತು ಪ್ರಕಾರ ನೀರಿಗೆ ಅದೇ ಮೂಲೆ ಕಣಮ್ಮ." ತಮ್ಮ ಮಾತಿಗೆ ತಾವೇ ನಕ್ಕರು.

"ಅಲ್ಲೊಂದು ಮಗು ಇದೆ ಸರ್."

"ಇದೆ ಅಂತ ಅವರು ಹೇಳ್ತಾರೆ."

"ನಮ್ಮಲ್ಲೂ ಎಳೇ ಮಕ್ಕಳನ್ನ ಸುಡಲ್ಲ, ಹೂಳ್ತೀವಿ. ಅಂಥ ಒಬ್ಬ ತಾಯಿನ ಕರ್ಕೊಂಡು ಹೋಗಿ ಆ ಮಣ್ಣಿನ ಮೇಲೆ ನಿಲ್ಸಿ, ನಿನ್ನ ನೆನಪು ಜಾರಿದೆ ಅಂತ ಹೇಳಿ ನೋಡೋಣ. ಹೇಳೋಕಾಗುತ್ತಾ ನಿಮಗೆ?"

ರಾಜಗೋಪಾಲ್ ಮುಖದ ನಗೆ ಹೋಯಿತು. "ಇದರಲ್ಲಿ ನಿನ್ನ ಹೆಸರು ಬರುತ್ತೆ. ಕಂಪನಿ ಹೆಸರೂ ಬರುತ್ತೆ. ನಿನಗೆ ಈ ಕೆಲಸ ಯಾರು ಕೊಡ್ಸಿದ್ದು ಅನ್ನೋದನ್ನೂ ಸ್ವಲ್ಪ ನೆನಪಿಟ್ಕೋ."

"ನೆನಪಿದೆ ಸರ್. ಅದಕ್ಕೇ ಮೊದಲು ನಿಮಗೆ ಹೇಳ್ದೆ."

ಆವತ್ತೇ ತಿದ್ದಿದ ನಕ್ಷೆಯನ್ನು ಆಡಳಿತಕ್ಕೆ, ಗುತ್ತಿಗೆದಾರನಿಗೆ ಮತ್ತು ಊರಿನ ಕಚೇರಿಗೆ ಕಳಿಸಿದಳು. ತಪ್ಪು ತನ್ನದು ಎಂದು ಮೊದಲ ಸಾಲಿನಲ್ಲೇ ಬರೆದಳು. ಮಧ್ಯಾಹ್ನ ಆ ಅಧಿಕಾರಿ ಫೋನ್ ಮಾಡಿದ. ಕ್ಷಮೆಯ ಮಾತಿಲ್ಲ, ಮುಜುಗರವೂ ಇಲ್ಲ. ಸಮಾಧಿ ನಿಖರವಾಗಿ ಯಾವ ಬಿಂದುವಿನಲ್ಲಿದೆ ಹೇಳಿ, ಅದರ ಸುತ್ತ ಹತ್ತು ಮೀಟರ್ ಬಿಟ್ಟು ಮಿಕ್ಕದ್ದನ್ನು ಅಗೆಯುತ್ತೇವೆ ಎಂದ. ಕವನಾ ರಜೆ ಹಾಕಿ, ಬಾಡಿಗೆಗೆ ಗಾಡಿ ತೆಗೆದುಕೊಂಡು ಆ ಊರಿಗೆ ಹೊರಟಳು. ಎರಡು ವರ್ಷದ ಹಿಂದೆ ಆ ಊರನ್ನು ಪರದೆಯ ಮೇಲೆ ಅಳೆದವಳು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಕಂಪನಿಯಿಂದ ಯಾರೂ ಹೋಗಿರಲಿಲ್ಲ.

ಊರಿನ ಅಂಗಡಿಯ ಮುಂದೆ ನೆರಳಿನಲ್ಲಿ ಮೇವಿಸ್ ಕೂತಿದ್ದರು, ಕಾಲ ಬಳಿ ಎರಡು ನಾಯಿ. ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ತಮ್ಮನನ್ನ ವಿಮಾನದ ಪಟ್ಟಿ ಕೆಳಗೆ ಮಲಗಿಸಿದವಳು ನೀನೇನಾ?"

"ಹೌದು ಆಂಟಿ." ಅಲ್ಲಿಯೂ ಹಿರಿಯರನ್ನು ಕರೆಯುವುದು ಹಾಗೆಯೇ. "ನಿಮ್ಮ ನೆನಪು ಸರಿಯಿತ್ತು, ನನ್ನ ನಕ್ಷೆ ತಪ್ಪಿತ್ತು. ಅದನ್ನ ಹೇಳೋಕೆ ಬಂದೆ."

"ಇಷ್ಟು ದೂರ? ನನ್ನ ನೆನಪು ಸರಿಯಿದೆ ಅನ್ನೋದು ನನಗೆ ಗೊತ್ತಿರೋ ವಿಷಯ. ಪೆಟ್ರೋಲ್ ದಂಡ ಮಾಡ್ಕೊಂಡೆ, ಹುಡುಗಿ." ಆಮೇಲೆ ಕೋಲು ಊರಿ ಎದ್ದರು. "ಬಾ. ಏನು ಮಾಡಿದಾರೆ ನೋಡು ಬಾ."

ಮೇವಿಸ್‌ರ ಮೊಮ್ಮಗಳು ಗಾಡಿ ಓಡಿಸಿದಳು. ವಿಮಾನ ಪಟ್ಟಿ ದಾಟಿದ ಮೇಲೆ ಗುಲಾಬಿ ಪಟ್ಟಿ ಕಟ್ಟಿದ ಗೂಟಗಳು ಕಂಡವು. ಸೋಮವಾರ ಇನ್ನೂ ಬಂದಿರಲಿಲ್ಲ. ಆದರೆ ಗುತ್ತಿಗೆದಾರನಿಗೆ ಬೇರೆ ಕೆಲಸ ಬೇಗ ಮುಗಿದಿತ್ತಂತೆ. ಯಂತ್ರ ಸುಮ್ಮನೆ ನಿಲ್ಲುವುದು ಬೇಡವೆಂದು ತಿದ್ದಿದ ನಕ್ಷೆ ಕೈಗೆ ಸಿಗುವ ಮೊದಲೇ ಒಂದು ಮೂಲೆಯನ್ನು ಹೆರೆದಿದ್ದ. ಮನೆ ಕಟ್ಟುವಷ್ಟು ಅಗಲದ ನೆಲ ಚರ್ಮ ಸುಲಿದಂತೆ ಬಿದ್ದಿತ್ತು. ಅದರ ಅಂಚಿನಲ್ಲಿ ತುಕ್ಕು ಹಿಡಿದ ಮಂಚದ ಚೌಕಟ್ಟೊಂದು ಮಗುಚಿಕೊಂಡಿತ್ತು. ಏನೂ ಇಲ್ಲದ ಜಾಗದಲ್ಲಿ ಮಂಚ ಎಲ್ಲಿಂದ ಬಂತು ಎಂದು ಯಂತ್ರದವನು ಒಂದು ಗಳಿಗೆಯೂ ಯೋಚಿಸಲಿಲ್ಲ. ಅವನಿಗೂ ಆ ತಪ್ಪು ನಕ್ಷೆಯನ್ನೇ ಕೊಟ್ಟಿದ್ದರಲ್ಲ.

ಮೇವಿಸ್ ಇಳಿದು ಒಬ್ಬರೇ ಆ ಅಂಚಿನ ಉದ್ದಕ್ಕೂ ನಡೆದರು. ಕವನಾ ಹೆರೆದ ಮೂಲೆಯದೊಂದು ಫೋಟೋ ತೆಗೆದು ಗಾಡಿಯ ಪಕ್ಕದಲ್ಲೇ ನಿಂತಳು. ಮೇವಿಸ್ ಎಲ್ಲೂ ಬಗ್ಗಲಿಲ್ಲ, ಯಾವ ಕಡೆಗೂ ಕೈ ತೋರಿಸಲಿಲ್ಲ. ವಾಪಸ್ ಬಂದು ಸೀಟಿನಲ್ಲಿ ಕೂತ ಮೇಲೆ, "ಅವನನ್ನ ಮುಟ್ಟಿಲ್ಲ," ಎಂದರು.

ಕವನಾ ಕಷ್ಟಪಟ್ಟು ಬಾಯಿ ಬಿಟ್ಟಳು. "ಆಂಟಿ, ಅವರು ನಿಖರವಾದ ಬಿಂದು ಕೇಳ್ತಿದಾರೆ."

"ಕೊಡಲ್ಲ. ಇವತ್ತು ಚುಕ್ಕೆ ಇಟ್ಟರೆ ನಾಳೆ ಯಾರೋ ಕ್ಯಾಮೆರಾ ಹಿಡ್ಕೊಂಡು ಬರ್ತಾರೆ. ಅವನ ಹೆಸರೂ ನಾವು ಬಾಯಲ್ಲಿ ಹೇಳಲ್ಲ, ಸತ್ತವರ ಹೆಸರು ಹೇಳಬಾರದು. ನಿಮ್ಮ ಕಾಗದದ ಮೇಲೆ ಅವನನ್ನ ಬರೆಸ್ತೀನಾ?"

ಅಂಗಡಿಯ ಹತ್ತಿರ ಸಿಗ್ನಲ್ ಸಿಗುತ್ತದೆ. ಅಲ್ಲಿಂದಲೇ ಕವನಾ ಅಧಿಕಾರಿಗೆ ಫೋನ್ ಮಾಡಿದಳು, ಮೇವಿಸ್‌ಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಬಿಂದು ಕೊಡುವುದಿಲ್ಲ, ಹಳೆಯ ಬಿಡಾರದ ಇಡೀ ಜಾಗ ಬಿಡಬೇಕು ಎಂದಳು. ಬಿಂದು ಇಲ್ಲದೆ ನಮೂದಿಸಲು ಆಗುವುದಿಲ್ಲ ಎಂದ ಅವನು.

"ನಿಖರವಾಗಿ ಹೇಳಿ, ಅಷ್ಟೇ ನಾವು ಕೇಳುವುದು."

"ಹೋದ ಸಲ ನಿಖರವಾಗಿಯೇ ಹೇಳಿದ್ದೆ. ದೋಷ ಸೊನ್ನೆ ಅಂತ ಬರೆದಿದ್ದೆ. ಅದನ್ನ ನಂಬಿ ಇವರನ್ನ ನೋಡಿ ನಕ್ಕಿರಿ, ನಾನೂ ಆ ಸಭೆಯಲ್ಲಿದ್ದೆ. ನಿಮ್ಮ ಯಂತ್ರ ಆಗಲೇ ಒಂದು ಮೂಲೆ ಹೆರೆದಿದೆ. ಅದರ ಫೋಟೋ ನನ್ನ ಹತ್ತಿರ ಇದೆ, ನಕ್ಷೆ ತಪ್ಪು ಅಂತ ನಾನು ಕಳಿಸಿದ್ದು ನಿಮ್ಮ ಹತ್ತಿರ ಇದೆ. ಇಲ್ಲಿವರೆಗೂ ಆದದ್ದು ನನ್ನ ತಪ್ಪು. ಇನ್ನೊಂದು ಹಿಡಿ ಮಣ್ಣು ಎತ್ತಿದರೆ ಅದು ನಿಮ್ಮದು. ಯಾರು ಕೇಳಿದರೂ ಹಾಗೇ ಹೇಳ್ತೀನಿ."

ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಅವನು ಫೋನ್ ಇಟ್ಟ. ಸಂಜೆ ಉತ್ತರ ಬಂತು. ಇಡೀ ಜಾಗ ಬಿಡುತ್ತೇವೆ, ಹೊಂಡ ಊರಿನ ಇನ್ನೊಂದು ಬದಿಗೆ. "ಹೊಸ ಮಾಹಿತಿ ದೊರೆತ ಕಾರಣ" ಎಂದಿತ್ತು. ಮೇವಿಸ್ ಹೆಸರೇ ಅದರಲ್ಲಿರಲಿಲ್ಲ.

ಕಂಪನಿಯಲ್ಲಿ ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಜಗೋಪಾಲ್ ಕವನಾಳನ್ನು ಭಾನುವಾರದ ಬಾರ್ಬೆಕ್ಯೂ ಊಟಕ್ಕೆ ಕರೆಯುವುದು ನಿಲ್ಲಿಸಿದರು. ಆಫೀಸಿನಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತನಾಡತೊಡಗಿದರು. ಆಡಳಿತದ ವರದಿಯಲ್ಲಿ "ಹೇಳಿಕೆ ಕೊಟ್ಟ ಮಹಿಳೆಯ ನೆನಪಿನಲ್ಲಿ ಸುಮಾರು ಇನ್ನೂರು ಮೀಟರ್ ದೋಷವಿದೆ" ಎಂಬ ಸಾಲಿತ್ತು. ಅದನ್ನು ತೆಗೆಯಿರಿ ಎಂದು ಕವನಾ ಕೇಳಿದಾಗ, ಪ್ರಕಟವಾದದ್ದನ್ನು ತೆಗೆಯುವ ಪದ್ಧತಿ ಇಲ್ಲ, ಕೊನೆಗೆ ಒಂದು ಅನುಬಂಧ ಸೇರಿಸುತ್ತೇವೆ ಎಂದರು ಆಡಳಿತದವರು. ಅವಳು ಈಗ ಅಡಿಲೇಡ್‌ನಲ್ಲಿದ್ದಾಳೆ. ಗ್ಲೆನೆಲ್ಗ್‌ನಲ್ಲಿ ಮನೆ, ಟ್ರ್ಯಾಮಿನಲ್ಲಿ ಹೋಗಿ ಬರುವ ಬೇರೆ ಕೆಲಸ. ಆ ಒಂದು ಸಾಲಿಗಾಗಿ ಇನ್ನೂ ಪತ್ರ ಬರೆಯುತ್ತಿದ್ದಾಳೆ, ಅವರು ಇನ್ನೂ ಅದೇ ಉತ್ತರ ಕೊಡುತ್ತಿದ್ದಾರೆ.

ಆ ಊರಿನಲ್ಲಿ, ಜಾಗ ಬಿಡುತ್ತೇವೆ ಎಂಬ ಉತ್ತರ ಬಂದ ಮರುದಿನ, ಗುತ್ತಿಗೆದಾರ ಯಂತ್ರ ಹೇರಿಕೊಂಡು ಹೊರಟ. ಹೆರೆದ ಮೂಲೆ ಹಾಗೇ ಇತ್ತು, ತೆಗೆದ ಮಣ್ಣು ಪಕ್ಕದಲ್ಲಿ ದಿಬ್ಬವಾಗಿತ್ತು. ಮುಚ್ಚಿ ಹೋಗು ಎಂದು ಮೇವಿಸ್ ಕೂಗಿದರು. ಮುಚ್ಚುವುದು ತನ್ನ ಗುತ್ತಿಗೆಯಲ್ಲಿಲ್ಲ ಎಂದು ಕಿಟಕಿ ಏರಿಸಿಕೊಂಡು ಹೋದ.

ಮೊಮ್ಮಗಳು ಎಲ್ಲಿಂದಲೋ ನಾಲ್ಕು ಸಲಿಕೆ ತಂದಳು. ಅವಳ ಇಬ್ಬರು ಚಿಕ್ಕಪ್ಪಂದಿರು ಬಂದರು. ನಾಲ್ಕನೆಯದನ್ನು ಕವನಾ ತೆಗೆದುಕೊಂಡಳು. ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಂಗೈಯಲ್ಲಿ ಬೇಗ ಬೊಬ್ಬೆ ಎದ್ದಿತು. ಅವಳು ಸುರಿದ ಮಣ್ಣನ್ನು ಮತ್ತೆ ಮತ್ತೆ ತಟ್ಟಿ ಸಮ ಮಾಡುತ್ತಿದ್ದಳು.

"ಏಯ್, ಅಷ್ಟು ತಟ್ಟಬೇಡ!" ಗಾಡಿಯೊಳಗಿಂದ ಮೇವಿಸ್ ಕೂಗಿದರು. "ಇದೇನು ನಿನ್ನ ಆಫೀಸಿನ ಮೇಜಾ? ಗಾಳಿ ನೋಡ್ಕೊಳ್ಳುತ್ತೆ ಅದನ್ನ. ಸುರಿ, ಸುರೀತಾ ಇರು."

"ನೀವೇ ಬಂದು ಸುರೀರಿ ಹಾಗಾದ್ರೆ ಆಂಟಿ!" ಕವನಾಳ ದನಿ ಜೋರಾಗಿಯೇ ಬಂತು.

ಚಿಕ್ಕಪ್ಪಂದಿರು ಸಲಿಕೆ ನಿಲ್ಲಿಸಿ ತಿರುಗಿ ನೋಡಿದರು. ಮೇವಿಸ್ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರು. "ಮಂಡಿ ಸರಿಯಿದ್ದಿದ್ರೆ ನಿನ್ನಂಥ ನಾಲ್ಕು ಜನಾನ ಇಲ್ಲಿಂದ ಓಡಿಸ್ತಿದ್ದೆ," ಎಂದು ನೀರಿನ ಬಾಟಲಿಯನ್ನು ಅವಳ ಕಡೆ ಎಸೆದರು. "ಕುಡಿ. ಕುಡಿದು ಆ ಕಡೆಯಿಂದ ಶುರು ಮಾಡು, ಅಲ್ಲಿ ಇನ್ನೂ ಆಳ ಇದೆ."

ಕವನಾ ಕುಡಿದು ಆ ಕಡೆಗೆ ಹೋದಳು.